ಅಗ್ಗಿಷ್ಟಿಕೆಯೊಳಗಿನ ಒಲೆ: ಗಾತ್ರದ ವಿವೇಚನೆ

ಅಮೆರಿಕದ ಈಶಾನ್ಯದಲ್ಲಿರುವ ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಹಳೆಯ ಮನೆಗಳಲ್ಲಿ ಇಟ್ಟಿಗೆಯ ತೆರೆದ ಅಗ್ಗಿಷ್ಟಿಕೆ ಸಾಮಾನ್ಯವಾಗಿ ಕಾಣಸಿಗುತ್ತದೆಯಾದರೂ, ಅಲ್ಲಿ ಉರಿಯುವ ಸೌದೆಯ ಶಾಖದ ಬಹುಪಾಲು ಚಿಮ್ನಿಯ ಪಾಲಾಗುವುದಲ್ಲದೆ ಕೋಣೆಯ ಬೆಚ್ಚನೆಯ ಗಾಳಿಯೂ ಅದರೊಡನೆ ಸೆಳೆದುಹೋಗುತ್ತದೆ. ಈ ನಷ್ಟವನ್ನು ತಗ್ಗಿಸಲೆಂದು ಆ ಗೂಡಿನೊಳಗೆ ಕೂರಿಸುವ, ಗಾಜಿನ ಬಾಗಿಲೂ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಹಿಡಿಕೆಯೂ ಇರುವ ಉಕ್ಕಿನ ಅಥವಾ ಎರಕದ ಕಬ್ಬಿಣದ ಒಲೆಗೆ ಇನ್ಸರ್ಟ್ ಎನ್ನುತ್ತಾರೆ. ಅದು ಎಷ್ಟು ದೊಡ್ಡದಿರಬೇಕೆಂಬ ಪ್ರಶ್ನೆಗೆ ತಯಾರಕರ ಕೈಪಿಡಿಗಳು ಕೊಡುವ ಉತ್ತರ, ಅಂಥ ಒಲೆಯನ್ನು ಚಳಿಗಾಲವಿಡೀ ಉರಿಸಿದವರ ಅನುಭವಕ್ಕೆ ತಾಳೆಯಾಗುವುದು ಅಪರೂಪ.

ಕೈಪಿಡಿಗಳು ಶಾಖವನ್ನು ಬಿಟಿಯು ಎಂಬ ಮಾನದಲ್ಲಿ ಹೇಳುತ್ತವೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿಮಾಡಲು ಬೇಕಾಗುವ ಶಾಖವೇ ಒಂದು ಬಿಟಿಯು, ಗಂಟೆಗೆ 3,412 ಬಿಟಿಯು ಎಂದರೆ ಒಂದು ಕಿಲೋವ್ಯಾಟ್. ದಪ್ಪಕ್ಷರದಲ್ಲಿ ಅಚ್ಚಾಗುವ ಗರಿಷ್ಠ ಅಂಕಿಯು ಸೌದೆ ಧಗಧಗಿಸುವ ಅಲ್ಪ ಹೊತ್ತಿಗಷ್ಟೇ ನಿಜವಾಗಿದ್ದು, ಇರುಳಿಡೀ ಮನೆ ಬೆಚ್ಚಗಿರುವುದೇ ಎಂಬುದನ್ನು ಅದು ತಿಳಿಸುವುದಿಲ್ಲ. ಅದನ್ನು ತಿಳಿಸುವುದು ಒಲೆಯ ಒಡಲಿನ ಗಾತ್ರ, ಅಂದರೆ ಸೌದೆ ತುಂಬುವ ಜಾಗದ ಘನ ಅಳತೆ. ಎರಡು ಘನ ಅಡಿಯ ಒಡಲಿಗೆ ಸುಮಾರು 9 ಕಿಲೋ ಸೌದೆ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಶೇ. 20ರಷ್ಟು ತೇವವಿರುವ ಸೌದೆಯ ಪ್ರತಿ ಕಿಲೋದಲ್ಲಿ ಸುಮಾರು 4 ಕಿಲೋವ್ಯಾಟ್-ಗಂಟೆಯಷ್ಟು ಶಾಖವಿರುವುದರಿಂದ ಒಟ್ಟು 36 ಆಗುತ್ತದೆ, ಅದರಲ್ಲಿ ಶೇ. 70 ಮನೆಗೆ ದಕ್ಕಿದರೆ 25, ಅದನ್ನು ಎಂಟು ಗಂಟೆಗೆ ಹಂಚಿದರೆ ಸರಾಸರಿ ಮೂರು ಕಿಲೋವ್ಯಾಟ್ ಮಾತ್ರ. ಕೈಪಿಡಿಯಲ್ಲಿ ಗಂಟೆಗೆ 60,000 ಬಿಟಿಯು, ಅಂದರೆ ಹದಿನೇಳೂವರೆ ಕಿಲೋವ್ಯಾಟ್ ಎಂದಿದ್ದರೂ ನಸುಕಿಗೆ ಉಳಿಯುವ ಲೆಕ್ಕ ಇದೇ.

ಹಾಗೆಂದು ದೊಡ್ಡದನ್ನೇ ಕೊಳ್ಳುವುದು ಕ್ಷೇಮವಲ್ಲ. ಕೋಣೆ ಚಿಕ್ಕದಾಗಿ ಒಲೆ ದೊಡ್ಡದಾದಾಗ ಸೆಕೆ ತಾಳಲಾರದೆ ಮನೆಯವರು ಗಾಳಿಯ ಹಿಡಿಕೆಯನ್ನು ಪೂರ್ತಿ ತಗ್ಗಿಸುತ್ತಾರೆ; ಆಗ ಸೌದೆ ಉರಿಯದೆ ಹೊಗೆಯಾಡಿ, ಆ ಹೊಗೆ ಚಿಮ್ನಿಯಲ್ಲಿ ತಣಿದು ಕ್ರಿಯೋಸೋಟ್ ಎಂಬ ಟಾರಿನಂಥ ಜಿಗುಟಾಗಿ ಗೋಡೆಗೆ ಹತ್ತುತ್ತದೆ. ಬಾಗಿಲಿನ ಗಾಜು ಮೂಲೆಗಳಿಂದ ಕಂದುತ್ತಾ ಬೆಳಗಾಗುವಷ್ಟರಲ್ಲಿ ಕಪ್ಪಾಗುವುದು ಇದರ ಮೊದಲ ಕುರುಹಾದರೆ, ಕೊನೆಯದು ಚಿಮ್ನಿಗೇ ಬೆಂಕಿ ಹತ್ತುವುದು. ಬ್ರಿಟನ್ನಿನಲ್ಲಿ ಕೋಣೆಯ ಘನಮೀಟರ್ ಅಳತೆಯನ್ನು 14ರಿಂದ ಭಾಗಿಸಿ ಕಿಲೋವ್ಯಾಟ್ ಗೊತ್ತುಮಾಡುವ ರೂಢಿಯಿದ್ದು, ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, 2.4 ಮೀಟರ್ ಎತ್ತರದ ಕೋಣೆಗೆ ಆ ಪ್ರಕಾರ ಸುಮಾರು ಮೂರೂವರೆ ಕಿಲೋವ್ಯಾಟ್ ಸಾಕು. ಆದರೆ ಅದು ಒಂದೇ ಕೋಣೆಗೆ, ಅಲ್ಲಿನ ಸೌಮ್ಯ ಚಳಿಗೆ ಒಪ್ಪುವ ಸೂತ್ರ. ನ್ಯೂ ಇಂಗ್ಲೆಂಡಿನ ಹಿಮಗಾಳಿಯಲ್ಲಿ, ಕಿಟಕಿ ಸಂದುಗಳಿಂದ ಗಾಳಿ ನುಗ್ಗುವ ಮನೆಗೆ, ಅಕ್ಕಪಕ್ಕದ ಕೋಣೆಗಳಿಗೂ ಶಾಖ ಹರಿಯಲು ತೆರಪಿದ್ದಲ್ಲಿ, ಅದಕ್ಕಿಂತ ಒಂದು ಅಳತೆ ದೊಡ್ಡದೇ ಬೇಕು.

ಇಟ್ಟಿಗೆಯ ಗೂಡು ಹಿಂದಕ್ಕೆ ಹೋದಂತೆ ಕಿರಿದಾಗುತ್ತಾ ಮೇಲೆ ಮುಂದಕ್ಕೆ ವಾಲುವುದರಿಂದ, ಎದುರಿನ ಅಗಲವೊಂದನ್ನೇ ನೋಡದೆ ಹಿಂಬದಿಯ ಅಗಲ, ಆಳ, ಹಿಂಬದಿಯ ಎತ್ತರ ಇವನ್ನೂ ಅಳೆಯಬೇಕು. ನ್ಯೂ ಇಂಗ್ಲೆಂಡಿನಲ್ಲಿ ಮಾರುವ ಸೌದೆಯನ್ನು ಬಹುಮಟ್ಟಿಗೆ 16 ಇಂಚಿಗೆ ಕತ್ತರಿಸುವುದರಿಂದ, ಆ ಉದ್ದ ಸಲೀಸಾಗಿ ಹಿಡಿಯದ ಒಡಲು ದಿನನಿತ್ಯದ ಕಿರುಕುಳವಾಗುತ್ತದೆ.

ಪ್ರಸ್ತುತ ಲೇಖಕನ ಅನುಭವದಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕಡೆಗಣಿತವಾಗುವುದು ಚಿಮ್ನಿಯ ಕೊರಳು. ಹಳೆಯ ಚಿಮ್ನಿಯೊಳಗೆ ಒಲೆಗೆ ಹೊಂದುವಂತೆ, ಸಾಮಾನ್ಯವಾಗಿ 6 ಇಂಚು ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಇಳಿಬಿಟ್ಟ ಮೇಲೆ ಅದರ ಸುತ್ತ ಉಳಿಯುವ ತೆರಪನ್ನು ತಗಡಿನಿಂದ ಮುಚ್ಚಿ ಮೇಲೆ ಶಾಖ ತಡೆಯುವ ರಾಕ್‌ವೂಲ್ ತುಂಬದಿದ್ದರೆ, ಒಲೆಯ ಬೆನ್ನಿನ ಶಾಖವೆಲ್ಲ ಮೇಲಕ್ಕೇರಿ ಇಟ್ಟಿಗೆಯನ್ನು ಕಾಯಿಸುತ್ತದೆ. ಚಿಮ್ನಿ ಮನೆಯ ಹೊರಗೋಡೆಗೆ ಅಂಟಿಕೊಂಡಿದ್ದರಂತೂ ಅದು ಬಯಲಿಗೇ ಸಲ್ಲುತ್ತದೆ. ಅಂಥ ಮನೆಗಳಲ್ಲಿ ಒಲೆ ಸಾಲದೆಂಬ ದೂರು ಬಂದಾಗ, ಇನ್ನೂ ದೊಡ್ಡ ಒಲೆಯ ಬೆಲೆ ವಿಚಾರಿಸುವ ಮೊದಲು ಒಬ್ಬ ಕೆಲಸಗಾರನನ್ನು ಕರೆಸಿ ಆ ತಗಡು ಇದೆಯೇ ಎಂದು ನೋಡಿಸುವುದು ಯುಕ್ತ.