ಕುಕಿ ಒಪ್ಪಿಕೊಂಡರೆ ಏನಾಗುತ್ತದೆ?

ಪ್ರಶ್ನೆ: ಎಷ್ಟೋ ಜಾಲತಾಣಗಳು ತೆರೆದ ತಕ್ಷಣ ‘ಕುಕಿ ಒಪ್ಪಿಕೊಳ್ಳಿ’ ಅನ್ನುತ್ತವೆ. ಒಪ್ಪಿದರೆ ನನ್ನ ಫೋನಿನಲ್ಲಿರುವುದನ್ನೆಲ್ಲ ಓದಿಬಿಡುತ್ತಾರಾ? ಒಂದು ಕಡೆ ಕುಕ್ಕರ್ ನೋಡಿದರೆ ಸುದ್ದಿ ಓದುವಲ್ಲಿಗೂ ಅದೇ ಕುಕ್ಕರ್ ಹಿಂಬಾಲಿಸಿ ಬರುವುದು ಹೇಗೆ?

ಉತ್ತರ: ನಿಮ್ಮ ಫೋಟೊ, ಮೆಸೇಜುಗಳನ್ನು ಕುಕಿ ಓದಲಾರದು. ಅದು ಪ್ರೋಗ್ರಾಮೇ ಅಲ್ಲ. ಹೆಚ್ಚೆಂದರೆ 4 ಕೆಬಿಯಷ್ಟು ಅಕ್ಷರ, ಅಂಕಿಗಳ ತುಣುಕು. ಜಾಲತಾಣದ ಸರ್ವರ್‌ಗೆ ಮರೆವು ಹುಟ್ಟುಗುಣ. ಒಂದು ಪುಟದಿಂದ ಇನ್ನೊಂದಕ್ಕೆ ಹೋದರೆ ಅದರ ಪಾಲಿಗೆ ನೀವು ಮತ್ತೆ ಹೊಸಬರು. ಹೀಗಾದರೆ ಆನ್‌ಲೈನ್ ಅಂಗಡಿ ನಡೆಯುವುದು ಹೇಗೆ? 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದಕ್ಕೆ ಕಂಡುಕೊಂಡ ಉಪಾಯವೇ ಕುಕಿ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಟೋಕನ್ ಇದ್ದ ಹಾಗೆ: ಸರ್ವರ್ ಒಂದು ನಂಬರ್ ಕೊಡುತ್ತದೆ, ಬ್ರೌಸರ್ ಪ್ರತಿ ಸಲ ಅದನ್ನು ತೋರಿಸುತ್ತದೆ. ಕೊಟ್ಟವರಿಗಷ್ಟೇ ತೋರಿಸುತ್ತದೆ, ಬೇರೆಯವರಿಗಲ್ಲ.

ಹಾಗಿದ್ದರೆ ಕುಕ್ಕರ್ ಹೇಗೆ ಬಂತು? ಸುದ್ದಿಪುಟದ ಜಾಹೀರಾತು ಸಾಮಾನ್ಯವಾಗಿ ಆ ಪತ್ರಿಕೆಯ ಸರ್ವರ್‌ನಿಂದ ಬರುವುದಿಲ್ಲ. ಜಾಹೀರಾತು ಕಂಪನಿಯ ಸರ್ವರ್‌ನಿಂದ ಬರುತ್ತದೆ. ಕುಕ್ಕರ್ ಮಾರುವ ಪುಟದಲ್ಲೂ ಅದೇ ಕಂಪನಿಯ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದು ಕೂತಿರುತ್ತದೆ. ಅಲ್ಲಿ ಸಿಕ್ಕ ನಂಬರ್ 48213 ಎನ್ನಿ. ಸುದ್ದಿಪುಟ ತೆರೆದಾಗ ಬ್ರೌಸರ್ ಜಾಹೀರಾತು ತರಲು ಹೋಗಿ ಅದೇ 48213 ಒಪ್ಪಿಸುತ್ತದೆ. ‘ಓ, ಕುಕ್ಕರಿನವರು!’ ನಿಮ್ಮ ಹೆಸರು ಅದರಲ್ಲಿಲ್ಲ, ನಿಜ. ಆದರೆ ಎಲ್ಲೋ ಲಾಗಿನ್ ಆಗಿ ಫೋನ್ ನಂಬರ್ ಕೊಟ್ಟಿರೋ, ಆ ಟೋಕನ್ನಿಗೆ ಹೆಸರು ಅಂಟಿಸುವುದು ಕಷ್ಟವಲ್ಲ. ಯಾವ ಕಾಯಿಲೆಯ ಬಗ್ಗೆ ಓದಿದಿರಿ, ಯಾವ ಸಾಲ ಹುಡುಕಿದಿರಿ ಎನ್ನುವುದೂ ಜೊತೆಗೆ ಸೇರುತ್ತದೆ. ನನ್ನ ತಕರಾರು ಇರುವುದು ಈ ‘ಥರ್ಡ್ ಪಾರ್ಟಿ’ ಕುಕಿಗಳ ಮೇಲೆ ಮಾತ್ರ.

ಆ್ಯಪಲ್‌ನ ಸಫಾರಿ 2020ರಲ್ಲೇ ಇವನ್ನು ಪೂರ್ತಿ ತಡೆಯಿತು. ಕ್ರೋಮ್‌ನಿಂದ ತೆಗೆಯುತ್ತೇವೆ ಎಂದು ಅದೇ ವರ್ಷ ಹೇಳಿದ್ದ ಗೂಗಲ್, ಮುಂದೂಡುತ್ತಾ ಹೋಗಿ 2024ರಲ್ಲಿ ಕೈಬಿಟ್ಟಿತು. ಜಾಹೀರಾತೇ ಅನ್ನ ಆಗಿರುವವರಿಂದ ಇನ್ನೇನು ನಿರೀಕ್ಷಿಸೋಣ!

ಒಪ್ಪಿಗೆ ಕೇಳುವ ಪಟ್ಟಿ ಯುರೋಪಿನ ಕಾನೂನಿನ ಕೊಡುಗೆ. ‘ಒಪ್ಪಿದೆ’ ಒಂದೇ ಒತ್ತಿಗೆ, ‘ಬೇಡ’ ಅನ್ನಲು ಹಲವು ಒತ್ತು ಎಂಬ ಜಾಣತನಕ್ಕೆ ಫ್ರಾನ್ಸ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೊ ದಂಡ ಹಾಕಿದ್ದನ್ನು ಪ್ರಕಟಿಸಿತು. ಧೈರ್ಯವಾಗಿ ‘ಬೇಡ’ ಒತ್ತಿ. ಸಾಮಾನ್ಯವಾಗಿ ಪುಟ ತೆರೆದೇ ತೆರೆಯುತ್ತದೆ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಥರ್ಡ್ ಪಾರ್ಟಿ ಕುಕಿ ಬ್ಲಾಕ್ ಮಾಡಿ. ಕುಕಿ ಅಳಿಸಿದರೆ ಪಾಸ್‌ವರ್ಡ್ ಬದಲಾಗುವುದಿಲ್ಲ, ಮತ್ತೊಮ್ಮೆ ಲಾಗಿನ್ ಆಗಬೇಕು, ಅಷ್ಟೇ. ಇನ್ನು ಆ್ಯಪ್‌ಗಳಲ್ಲಿ ಹೀಗೆ ಹಿಂಬಾಲಿಸುವ ಕೆಲಸ ಮಾಡುವುದು ಹೆಚ್ಚಾಗಿ ಫೋನಿನದೇ ಅಡ್ವರ್ಟೈಸಿಂಗ್ ಐಡಿ. ಆ್ಯಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಡ್ಸ್’ ಹುಡುಕಿ ಅದನ್ನೂ ಡಿಲೀಟ್ ಮಾಡಬಹುದು.