ಗಂಟುಮೂಟೆ ಕಟ್ಟುವ ಮೊದಲು

ಬಾಡಿಗೆ ಮನೆಯಲ್ಲಿ ಇರುವ ನಮಗೆ ಮನೆ ಬದಲಾಯಿಸುವುದು ಹೊಸದಲ್ಲ. ಓನರ್ ಮಗನಿಗೆ ಮದುವೆ ಆಗುತ್ತದೆ, ಮನೆ ಬಿಡಿ ಅನ್ನುತ್ತಾರೆ. ಬಾಡಿಗೆ ಏರುತ್ತದೆ. ಕೆಲಸ ಒಂದು ಕಡೆ, ಮನೆ ಒಂದು ಕಡೆ ಆಗುತ್ತದೆ. ಗಾಂಧಿನಗರದವರು ಹೆಬ್ಬಾಳಕ್ಕೆ ಹೋಗುತ್ತೇವೆ. ಕ್ಯಾತಮಾರನಹಳ್ಳಿಯವರು ಜೆ.ಪಿ. ನಗರಕ್ಕೆ ಹೋಗುತ್ತೇವೆ. ಎಲ್ಲಾ ಮೈಸೂರೇ. ಆದರೂ ಒಂದು ಸಂಸಾರವನ್ನು ಕಿತ್ತು ಇನ್ನೊಂದು ಕಡೆ ನೆಡುವುದು ಸಣ್ಣ ಕೆಲಸವಲ್ಲ.

ಈ ಊರು ಇಂಥದ್ದನ್ನು ಬಹಳ ಕಂಡಿದೆ. 1898ರ ಸುಮಾರಿಗೆ ಮೈಸೂರು ಸೀಮೆಗೆ ಪ್ಲೇಗ್ ಬಂತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಹೆದರಿ ಮನೆ ಬಿಡುತ್ತಿದ್ದರು. ಊರ ಹೊರಗೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಆಮೇಲೆ 1903ರಲ್ಲಿ ನಗರವನ್ನು ಸರಿಪಡಿಸಲು ಒಂದು ಟ್ರಸ್ಟ್ ಬೋರ್ಡ್ ಆಯಿತು. ಇಕ್ಕಟ್ಟಾದ ಕೇರಿಗಳ ಆಚೆ ಅಗಲ ರಸ್ತೆಗಳ ಹೊಸ ಬಡಾವಣೆಗಳು ಎದ್ದವು. ಆ ಕಾಲದಲ್ಲಿ ಗಂಟು ಕಟ್ಟಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಓದು ಬರಹ ಇರಲಿಲ್ಲ. ನಮಗೆ ಈಗ ಇದೆ. ಮನೆ ಬಿಡುವಾಗ ಅದು ಎಲ್ಲೆಲ್ಲಿ ಕೈಗೆ ಬರುತ್ತದೆ, ನೋಡೋಣ.

ಮೊದಲು ಕಾಗದ ಪತ್ರ ಹುಡುಕೋಣ. ಪಾತ್ರೆ ಆಮೇಲೆ. ನಮ್ಮ ಮನೆಗಳಲ್ಲಿ ಕಾಗದ ಎಲ್ಲಿರುತ್ತೆ? ಹಾಸಿಗೆ ಕೆಳಗೆ ಒಂದು, ದೇವರ ಫೋಟೋ ಹಿಂದೆ ಒಂದು, ಅಕ್ಕಿ ಡಬ್ಬದ ಮೇಲೆ ಒಂದು. ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್, ಸಂಘದ ಪುಸ್ತಕ, ಮಕ್ಕಳ ಜನನ ಪತ್ರ, ತಾಯಿ ಕಾರ್ಡು, ಗ್ಯಾಸ್ ಪುಸ್ತಕ, ಬೀಡಿ ಕಟ್ಟುವವರಾದರೆ ಅದರ ಗುರುತಿನ ಚೀಟಿ. ಎಲ್ಲಾ ಒಂದೇ ಚೀಲಕ್ಕೆ ಹಾಕೋಣ. ಈ ಚೀಲ ಗಾಡಿಗೆ ಏರಬಾರದು. ನಮ್ಮ ಹೆಗಲ ಮೇಲೇ ಬರಬೇಕು.

ಆ ಚೀಲದಲ್ಲಿ ಒಂದು ಕಾಗದವನ್ನು ಮಾತ್ರ ಹೊರಗೆ ತೆಗೆದು ಕೂತು ಓದಬೇಕು. ಅದೇ ಬಾಡಿಗೆ ಕರಾರು. ಅದರಲ್ಲಿ ಮುಂಗಡ ಎಷ್ಟು ಅಂತ ಬರೆದಿದೆ? ಅದನ್ನೇ ನಾವು ಅಡ್ವಾನ್ಸ್ ಅನ್ನುತ್ತೇವೆ. ಮನೆ ಬಿಡುವುದಾದರೆ ಎಷ್ಟು ತಿಂಗಳು ಮುಂಚೆ ಹೇಳಬೇಕು? ಬಣ್ಣಕ್ಕೆ ಅಂತ ಎಷ್ಟು ಹಿಡಿಯುತ್ತಾರೆ? ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ. ಒಂದು ವರ್ಷಕ್ಕಿಂತ ಹೆಚ್ಚು ಬರೆದರೆ ನೋಂದಣಿ ಮಾಡಿಸಬೇಕು, ಅದಕ್ಕೇ 11. ನಿಧಾನವಾಗಿ, ಬೆರಳಿಟ್ಟು ಓದಿದರೂ ಸರಿ. ಅರ್ಥ ಆಗದ ಮಾತಿನ ಕೆಳಗೆ ಗೆರೆ ಎಳೆದು, ಗೊತ್ತಿದ್ದವರನ್ನು ಕೇಳೋಣ. ಎಷ್ಟೋ ಮನೆಗಳಲ್ಲಿ ಅಡ್ವಾನ್ಸ್ ಹಣ ಹೆಂಡತಿಯ ಓಲೆ ಅಡವಿಟ್ಟು ಬಂದದ್ದು. ಕರಾರು ಮಾತ್ರ ಗಂಡನ ಹೆಸರಿನಲ್ಲಿ. ಹೊಸ ಮನೆಗೆ ಕರಾರು ಬರೆಸುವಾಗ ಇಬ್ಬರ ಹೆಸರೂ ಬರೆಸಿ ಅಂತ ಕೇಳುವುದು ತಪ್ಪಲ್ಲ.

ಈಗ ಸಾಮಾನು. ಅಟ್ಟದ ಮೇಲಿನದು ಕೆಳಗೆ ಇಳಿದಾಗ ನಮಗೇ ಆಶ್ಚರ್ಯ ಆಗುತ್ತೆ. ಹಿಡಿ ಹೋದ ಬಾಣಲೆ, ತೂತು ಬಕೆಟ್ಟು, ಒಂಟಿ ಚಪ್ಪಲಿ. "ಇರಲಿ ಬಿಡು, ಬೇಕಾಗುತ್ತೆ" ಅಂತ ಇಟ್ಟದ್ದು. ಹೋದ ದೀಪಾವಳಿಯಿಂದ ಈಚೆಗೆ ಇದನ್ನು ಒಂದು ಸಲವಾದರೂ ಮುಟ್ಟಿದ್ದೇವಾ? ಇಲ್ಲ ಅಂದರೆ ಗುಜರಿಗೆ ಕೊಡೋಣ. ಅದನ್ನು ಹೊತ್ತು ಸಾಗಿಸುವ ಗಾಡಿಗೂ ನಾವೇ ದುಡ್ಡು ಕೊಡಬೇಕು ತಾನೇ?

ಮಾತ್ರೆಗಳ ಡಬ್ಬಿ ತೆಗೆಯೋಣ. ಪ್ರತಿ ಮಾತ್ರೆ ಪಟ್ಟಿಯ ಮೇಲೆ ಅದರ ಅವಧಿ ಮುಗಿಯುವ ದಿನ ಇರುತ್ತದೆ. ಅಕ್ಷರ ಇಂಗ್ಲಿಷಿನಲ್ಲಿ ಇದ್ದರೂ ಅಂಕಿ ನಾವು ಓದಬಲ್ಲೆವು. 08/2024 ಅಂದರೆ 2024ರ ಆಗಸ್ಟ್ ತಿಂಗಳು. ಅದು ಕಳೆದಿದೆ, ಬಿಸಾಡಬೇಕು. ಮಕ್ಕಳ ಕೈಗೆ ಸಿಗದ ಹಾಗೆ ಬಿಸಾಡಬೇಕು.

ಹಿತ್ತಾಳೆ, ತಾಮ್ರದ ವಿಷಯದಲ್ಲಿ ಅವಸರ ಬೇಡ. ಮನೆ ಬಿಡುವ ಗಡಿಬಿಡಿಯಲ್ಲೇ ಅಜ್ಜಿ ಕಾಲದ ಬಿಂದಿಗೆ, ಹಂಡೆ ಅಗ್ಗಕ್ಕೆ ಹೋಗುವುದು. ಮಾರಲೇಬೇಕು ಅಂದರೆ ಎರಡು ಅಂಗಡಿಯಲ್ಲಿ ರೇಟು ಕೇಳೋಣ. ತಕ್ಕಡಿಯಲ್ಲಿ ಏನೂ ಇಡದಾಗ ಸೊನ್ನೆ ತೋರಿಸುತ್ತಾ ನೋಡೋಣ. ಒಂದು ಬಿಂದಿಗೆ 4 ಕಿಲೋ 500 ಗ್ರಾಂ ತೂಗಿತು ಅಂತ ಇಟ್ಟುಕೊಳ್ಳೋಣ. ಕಿಲೋಗೆ 300 ರೂಪಾಯಿ ಅಂದ. 4 ಕಿಲೋಗೆ 1,200. ಅರ್ಧ ಕಿಲೋಗೆ 150. ಒಟ್ಟು 1,350 ರೂಪಾಯಿ. ಅವನು "ನಾಲ್ಕು ಕಿಲೋ ಲೆಕ್ಕ ಹಾಕಿ ಕೊಡ್ತೀನಮ್ಮ" ಅಂದರೆ ನಮಗೆ 150 ರೂಪಾಯಿ ಹೋಯಿತು. ಈ ಲೆಕ್ಕ ಅವನ ಎದುರಿಗೇ ಕಾಗದದ ಮೇಲೆ ಮಾಡೋಣ.

ಅತ್ತೆಯ ಟ್ರಂಕು, ಅಮ್ಮನ ಪೆಟ್ಟಿಗೆ ಇವನ್ನು ಅವರನ್ನು ಕೇಳದೆ ಮುಟ್ಟುವುದು ಬೇಡ. ನಮಗೆ ಹಳೇ ಬಟ್ಟೆ ಚೂರು, ಅವರಿಗೆ ಸತ್ತ ಮಗುವಿನ ಅಂಗಿ. ಏನು ಇಡಬೇಕು, ಏನು ಬಿಡಬೇಕು ಅನ್ನುವುದನ್ನು ಅವರೇ ಹೇಳಲಿ. ಒಂದು ಪೆಟ್ಟಿಗೆ ಜಾಗ ಏನು ದೊಡ್ಡದಲ್ಲ. ದಸರಾ ಗೊಂಬೆ ಕೂರಿಸುವ ಮನೆಯಾದರೆ ಗೊಂಬೆಗಳಿಗೆ ಬೇರೆ ಪೆಟ್ಟಿಗೆ ಬೇಕು. ಒಂದೊಂದನ್ನೂ ಹಳೇ ಹತ್ತಿ ಸೀರೆ ತುಂಡಿನಲ್ಲಿ ಸುತ್ತಿ, ನಡುವೆ ಒಣಗಿದ ಬೇವಿನ ಎಲೆ ಹಾಕಿ. ಮರದ ಪಟ್ಟದ ಗೊಂಬೆಗಳನ್ನು ಕೆಳಗೆ ಇಡಿ, ಮಣ್ಣಿನ ಗೊಂಬೆಗಳನ್ನು ಮೇಲೆ. ಮಣ್ಣಿನ ಗೊಂಬೆಯ ಕತ್ತು ಮೊದಲು ಮುರಿಯುತ್ತೆ, ಅಲ್ಲಿ ಎರಡು ಸುತ್ತು ಜಾಸ್ತಿ ಇರಲಿ.

ಮೂಟೆ ಕಟ್ಟಲು ಸಂತೇಪೇಟೆಯ ದಿನಸಿ ಅಂಗಡಿಗಳ ಕಡೆ ಗೋಣಿಚೀಲ, ರಟ್ಟಿನ ಡಬ್ಬ ಕೇಳಿ ನೋಡಿ. ಭಾರದ ಸಾಮಾನನ್ನು ಸಣ್ಣ ಡಬ್ಬಕ್ಕೆ ಹಾಕಿ, ಹಗುರದ್ದನ್ನು ದೊಡ್ಡದಕ್ಕೆ. ಇಲ್ಲದಿದ್ದರೆ ಎತ್ತುವವರ ಸೊಂಟ ಹೋಗುತ್ತೆ, ಡಬ್ಬದ ತಳವೂ ಹೋಗುತ್ತೆ. ಪಾತ್ರೆಯ ಒಳಗೆ ಬಟ್ಟೆ, ಬಟ್ಟೆಯ ಒಳಗೆ ಗಾಜು.

ಇನ್ನು ಬರೆಯುವ ಕೆಲಸ. ಪ್ರತಿ ಮೂಟೆಯ ಮೇಲೂ ಒಂದು ಚೀಟಿ ಅಂಟಿಸೋಣ. "1 – ಅಡಿಗೆ. ಬೇಳೆ, ಸಾರಿನ ಪುಡಿ." "2 – ಹಾಸಿಗೆ." "3 – ಮಕ್ಕಳ ಪುಸ್ತಕ." ಅದೇ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲೂ ಬರೆಯೋಣ. ಕೊನೆಗೆ ಒಟ್ಟು ಎಷ್ಟು ಅಂತ ಕೂಡೋಣ. ಒಟ್ಟು 23 ಇದ್ದರೆ ಹೊಸ ಮನೆಯಲ್ಲಿ ಇಳಿಸುವಾಗಲೂ 23 ಇರಬೇಕು. 22 ಬಂದರೆ ಯಾವುದು ಬಂದಿಲ್ಲ ಅಂತ ಪುಸ್ತಕ ನೋಡಿ ಹೇಳಬಹುದು. ಗಾಡಿ ಇನ್ನೂ ಬಾಗಿಲಲ್ಲೇ ಇರುತ್ತೆ.

ಗಾಡಿಯವರ ಹತ್ತಿರ ಮೊದಲೇ ಮಾತಾಡೋಣ. ಗೂಡ್ಸ್ ಆಟೋ ಸಾಕಾ, ಟಾಟಾ ಏಸ್ ಬೇಕಾ? ಏರಿಸಿ ಇಳಿಸುವುದೂ ಸೇರಿ ಎಷ್ಟು? ಮನೆ ಮಹಡಿ ಮೇಲಿದ್ದರೆ ಅದನ್ನೂ ಹೇಳಿಬಿಡೋಣ. ಅಲ್ಲಿ ಹೋದ ಮೇಲೆ ಜಗಳ ಬೇಡ.

ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಬಾರದು. ವಾಸನೆ ಬಂದರೆ 1906ಕ್ಕೆ ಫೋನು ಮಾಡಿ.

ಈಗ ಅಡ್ವಾನ್ಸ್ ವಿಷಯಕ್ಕೆ ಬರೋಣ. ನಮ್ಮಂಥವರು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಸಾಮಾನು ಏರಿದೆ, ಗಾಡಿಯವನು ಕೂಗುತ್ತಿದ್ದಾನೆ, ಮಗು ಅಳುತ್ತಿದೆ. ಆಗ ಓನರ್ ಒಂದು ಕಾಗದ ಹಿಡಿಯುತ್ತಾರೆ.

"ಇಲ್ಲಿ ಸೈನ್ ಹಾಕಮ್ಮ. ದುಡ್ಡು ಸಂಜೆ ಕೊಡ್ತೀನಿ."

"ಆಗಲಿ ಸಾರ್. ಸಂಜೇನೇ ಬಂದು ಸೈನ್ ಹಾಕ್ತೀನಿ. ಕೀನೂ ಆಗಲೇ ಕೊಡ್ತೀನಿ."

ಇಷ್ಟೇ ಹೇಳಿದರೆ ಸಾಕು. ಜೋರು ಮಾತು ಬೇಡ. ಹೆಬ್ಬೆಟ್ಟು ಒತ್ತುತ್ತಿದ್ದಾಗ ಆ ಕಾಗದದಲ್ಲಿ ಏನಿದೆ ಅಂತ ಕೇಳಲೂ ನಾವು ಹಿಂಜರಿಯುತ್ತಿದ್ದೆವು. ಈಗ ಓದಿ, ಹಣ ಎಣಿಸಿ, ಆಮೇಲೆ ಸಹಿ. ಮನೆ ಬಿಡುವ ಒಂದೆರಡು ದಿನ ಮುಂಚೆಯೇ ಓನರನ್ನು ಕರೆದು ಗೋಡೆ, ಬಾಗಿಲು, ನಲ್ಲಿ ತೋರಿಸಿ ಲೆಕ್ಕ ಮುಗಿಸಿದರೆ ಇನ್ನೂ ಒಳ್ಳೆಯದು. ಮೊಬೈಲಿನಲ್ಲಿ ಗೋಡೆಗಳ ಫೋಟೋ ತೆಗೆದಿಡಿ. ರಶೀದಿ ಹೀಗೆ ಬರೆಯಬಹುದು:

ರಶೀದಿ
ದಿನಾಂಕ: ...............
ಮನೆ ನಂಬರ್ ........ಕ್ಕೆ ಕೊಟ್ಟಿದ್ದ ಮುಂಗಡ: 50,000 (ಐವತ್ತು ಸಾವಿರ) ರೂಪಾಯಿ.
ಬಣ್ಣಕ್ಕೆ ಹಿಡಿದದ್ದು: 5,000 (ಐದು ಸಾವಿರ) ರೂಪಾಯಿ.
ವಾಪಸು ಬಂದದ್ದು: 45,000 (ನಲವತ್ತೈದು ಸಾವಿರ) ರೂಪಾಯಿ.
ಕೊಟ್ಟವರ ಸಹಿ ............... ಪಡೆದವರ ಸಹಿ ...............

ಹಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಬೇಕು. ಅಂಕಿಗೆ ಒಂದು ಸೊನ್ನೆ ಸೇರಿಸಬಹುದು, ಅಕ್ಷರಕ್ಕೆ ಸೇರಿಸುವುದು ಕಷ್ಟ. 5,000ಕ್ಕಿಂತ ಹೆಚ್ಚಿನ ಹಣದ ರಶೀದಿಗೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಬೇಕು. ಎರಡು ಪ್ರತಿ ಮಾಡಿ, ಒಂದು ನಮಗೆ.

ಭೋಗ್ಯದ ಮನೆಯವರು ಇನ್ನೂ ಹುಷಾರಾಗಿರಬೇಕು. ಭೋಗ್ಯದಲ್ಲಿ ತಿಂಗಳ ಬಾಡಿಗೆ ಇಲ್ಲ, ಆದರೆ ಲಕ್ಷಗಟ್ಟಲೆ ಹಣ ಓನರ್ ಹತ್ತಿರ ಇರುತ್ತದೆ. ಭೋಗ್ಯ ಅಂದರೆ ಹಣ ಕೊಟ್ಟು ಮನೆಯನ್ನು ಅಡ ಹಿಡಿದ ಹಾಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ, ಹಣ 100 ರೂಪಾಯಿ ಅಥವಾ ಅದಕ್ಕೂ ಹೆಚ್ಚಿದ್ದರೆ ಇಂಥ ಪತ್ರ ನೋಂದಣಿ ಆಗಬೇಕು. ಬರೀ ಛಾಪಾ ಕಾಗದದ ಮೇಲೆ ಬರೆದರೆ ಸಾಲದು. ಹೊಸ ಮನೆಯನ್ನು ಭೋಗ್ಯಕ್ಕೆ ಹಿಡಿಯುವವರು ಉಪನೋಂದಣಾಧಿಕಾರಿ ಕಚೇರಿಗೆ ಹೋಗಿಯೇ ಹಣ ಕೊಡಿ. ಅದಕ್ಕೆ ಖರ್ಚಾಗುತ್ತೆ, ನಿಜ. ಹೋದ ಲಕ್ಷದ ಮುಂದೆ ಅದು ಖರ್ಚಲ್ಲ.

ಹಣ ಕೊಡದೆ ಅಲೆಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟಬಹುದು. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಉಚಿತ. ಬಡವರು, ಶ್ರೀಮಂತರು ಅನ್ನುವ ಭೇದ ಇಲ್ಲ. ಫೋನ್ ನಂಬರ್ 15100.

ಹೊಸ ಮನೆಯಲ್ಲಿ ಹಾಲುಕ್ಕಿಸಿದ ಮೇಲೆ ವಿಳಾಸದ ಕೆಲಸ. ಮೊದಲು ಕರೆಂಟು. 2023ರಿಂದ ಗೃಹಜ್ಯೋತಿ ಯೋಜನೆ ಇದೆ, ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ನಮ್ಮ ಆಧಾರ್ ಹಳೇ ಮನೆಯ ಮೀಟರಿಗೆ ಸೇರಿಕೊಂಡಿರುತ್ತದೆ. ಅದನ್ನು ಅಲ್ಲಿಂದ ಬಿಡಿಸಿ ಹೊಸ ಮನೆಯ ಆರ್.ಆರ್. ನಂಬರಿಗೆ ಸೇರಿಸಬೇಕು. ಬಿಡಿಸದೆ ಬಂದರೆ ಇಲ್ಲಿ ಬಿಲ್ಲು ಬರುತ್ತದೆ. ಗ್ಯಾಸ್ ಏಜೆನ್ಸಿಗೂ ಹೊಸ ವಿಳಾಸ ಕೊಡಬೇಕು. ರೇಷನ್ ಮಾತ್ರ ಒಂದು ತಿಂಗಳೂ ನಿಲ್ಲಬೇಕಾಗಿಲ್ಲ. ಕಾರ್ಡು ತೋರಿಸಿ, ಬೆರಳಿಟ್ಟು ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ತರಬಹುದು.

ಓಟಿನ ವಿಷಯ ಎಲ್ಲರೂ ಮರೆಯುತ್ತಾರೆ. ಒಂದೇ ಮೈಸೂರಿನಲ್ಲಿ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಅಂತ ಬೇರೆ ಬೇರೆ ಕ್ಷೇತ್ರಗಳಿವೆ. ಮನೆ ಬದಲಾದರೆ ಕ್ಷೇತ್ರವೇ ಬದಲಾಗಬಹುದು. ಫಾರಂ 8 ತುಂಬಿ ಕೊಡಬೇಕು. ವಿವರ ಬೇಕಾದರೆ 1950ಕ್ಕೆ ಫೋನು ಮಾಡಿ.

ಮಕ್ಕಳ ಟಿ.ಸಿ. ತರಲು ತಡವಾಯಿತು ಅಂತ ಸ್ಕೂಲಿಗೆ ಕಳಿಸದೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ, 6ರಿಂದ 14 ವರ್ಷದ ಮಗುವಿಗೆ ಟಿ.ಸಿ. ತಡವಾಯಿತು ಅಂತ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಮನೆ ಬದಲಾದಾಗ ಓದು ನಿಲ್ಲುವುದು ಹೆಚ್ಚಾಗಿ ಹೆಣ್ಣುಮಕ್ಕಳದ್ದೇ. "ಮನೆ ಎಲ್ಲಾ ಜೋಡಿಸಿಕೊಳ್ಳಲಿ, ಆಮೇಲೆ ಹೋಗ್ತಾಳೆ" ಅನ್ನುತ್ತೇವೆ. ಮೂಟೆ ಬಿಚ್ಚುವುದು ನಾಳೆಯೂ ಆಗುತ್ತೆ. ಮೂರನೇ ನಂಬರಿನ ಮೂಟೆ ಮೊದಲು ಬಿಚ್ಚಿ, ಅದರಲ್ಲಿ ಅವಳ ಪುಸ್ತಕ ಇದೆ.

ಓದಿ, ಬರೆಯಿರಿ

ನಿಮ್ಮ ಮನೆಯ ಕರೆಂಟ್ ಬಿಲ್ ತೆಗೆಯಿರಿ. ಆರ್.ಆರ್. ನಂಬರ್ ಎಲ್ಲಿದೆ ಹುಡುಕಿ ಇಲ್ಲಿ ಬರೆಯಿರಿ: ...............
ನೀವು ಕೊಟ್ಟ ಮುಂಗಡ ಎಷ್ಟು? ಅಂಕಿಯಲ್ಲಿ: ............... ಅಕ್ಷರದಲ್ಲಿ: ...............
ನಿಮ್ಮ ಬಾಡಿಗೆ ಕರಾರಿನಲ್ಲಿ ಯಾರ ಹೆಸರಿದೆ? ...............