ಕಮ್ಯೂನಿಟಿ ಕಾಲೇಜಿನಲ್ಲಿ ಗಣಕ ಮಾಹಿತಿ ವಿದ್ಯೆ

ಹೈಸ್ಕೂಲಿನ ವಿದ್ಯೆಯನ್ನು ಮುಗಿಸಿದ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಮದುವೆಯಾಗಿ ಗಂಡನೊಡನೆ ಅಮೇರಿಕ ದೇಶಕ್ಕೆ ಹೋಗುವರು. ಕೆಲವರನ್ನು ತಾಯಿತಂದೆಗಳೇ ಹೆಚ್ಚಿನ ವಿದ್ಯೆಗಾಗಿ ಅಲ್ಲಿಗೆ ಕಳುಹಿಸುವರು. ಈ ಇಬ್ಬಗೆಯವರ ಕಿವಿಗೂ ಬೀಳುವ ಹೆಸರು ಕಮ್ಯೂನಿಟಿ ಕಾಲೇಜು ಎಂಬದು. ಅದು ಕೀಳು ತರದ ಕಾಲೇಜೆಂದು ಕೆಲವರು ಮೂಗು ಮುರಿಯುವರು; ಸುಲಭವಾದ ದಾರಿಯೆಂದು ಬೇರೆ ಕೆಲವರು ವಿಚಾರಿಸದೆ ಸೇರಿಬಿಡುವರು. ಎರಡೂ ಸರಿಯಲ್ಲ. ಆದುದರಿಂದ ಆ ಕಾಲೇಜು ಎಂಥದು, ಅಲ್ಲಿ ಗಣಕ ಮಾಹಿತಿ ವ್ಯವಸ್ಥೆ ಎಂಬ ಹೆಸರಿನಿಂದ ಕಲಿಸುವ ವಿದ್ಯೆ ಯಾವದು, ಸೇರುವವಳು ಮೊದಲೇ ತಿಳಿದಿರತಕ್ಕದ್ದೇನು ಎಂಬ ಮೂರು ಸಂಗತಿಗಳನ್ನು ಈ ಪಾಠದಲ್ಲಿ ವಿಚಾರಿಸುವೆವು.

೧. ಕಾಲೇಜಿನ ಸ್ವರೂಪ

ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬ ಊರಿನ ಹೈಸ್ಕೂಲಿನಲ್ಲಿ ೧೯೦೧ನೆಯ ಇಸವಿಯಲ್ಲಿ ೬ ಮಂದಿ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯದ ಮೊದಲಿನ ಎರಡು ವರ್ಷಗಳ ಪಾಠಗಳನ್ನು ಹೇಳಿಕೊಡಲಾರಂಭಿಸಿದರು. ಆ ಹೈಸ್ಕೂಲಿನ ಮುಖ್ಯಸ್ಥರಾದ ಜೆ. ಸ್ಟ್ಯಾನ್ಲಿ ಬ್ರೌನರೂ ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷರಾದ ವಿಲಿಯಂ ರೇನಿ ಹಾರ್ಪರರೂ ಕೂಡಿ ಮಾಡಿದ ಏರ್ಪಾಡು ಇದು. ಮನೆಯನ್ನು ಬಿಟ್ಟು ದೂರ ಹೋಗಲಾರದವರಿಗೂ ಉನ್ನತ ವಿದ್ಯೆ ದೊರೆಯಬೇಕೆಂಬದೇ ಇದರ ಉದ್ದೇಶವಾಗಿತ್ತು. ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಸಮಿತಿಯು ೧೯೪೭ರಲ್ಲಿ ಇಂಥ ಕಾಲೇಜುಗಳು ದೇಶದಲ್ಲೆಲ್ಲಾ ಹೆಚ್ಚಬೇಕೆಂದು ವರದಿ ಮಾಡಿತು. ಅಂದಿನಿಂದ ಕಮ್ಯೂನಿಟಿ ಕಾಲೇಜು ಎಂಬ ಹೆಸರು ಎಲ್ಲೆಡೆ ರೂಢಿಗೆ ಬಂದಿತು. ಈಗ ಅವು ಸುಮಾರು ಒಂದು ಸಾವಿರ ಇರುವವು.

ಇಲ್ಲಿ ಸೇರಲು ಸಾಮಾನ್ಯವಾಗಿ ಹೈಸ್ಕೂಲು ಮುಗಿಸಿದ್ದರೆ ಸಾಕು. ಹೆಚ್ಚಿನ ವಿದ್ಯಾರ್ಥಿಗಳು ತಮ್ಮ ಮನೆಗಳಿಂದಲೇ ಬಂದು ಹೋಗುವರು. ದುಡಿಯುವವರಿಗಾಗಿ ಸಂಜೆಯ ತರಗತಿಗಳುಂಟು. ಹದಿನೆಂಟು ವರ್ಷದ ಹುಡುಗಿಯೂ ನಲವತ್ತು ವರ್ಷದ ತಾಯಿಯೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯುವದು ಅಲ್ಲಿ ವಿಶೇಷವಲ್ಲ. ಎರಡು ವರ್ಷಗಳಲ್ಲಿ ಸುಮಾರು ೬೦ ಕ್ರೆಡಿಟ್‌ಗಳ ಪಾಠಗಳನ್ನು ಮುಗಿಸಿದವರಿಗೆ ಅಸೋಸಿಯೇಟ್ ಎಂಬ ಪದವಿ ಸಿಕ್ಕುವದು. ವಿಶ್ವವಿದ್ಯಾಲಯದ ನಾಲ್ಕು ವರ್ಷದ ಪದವಿಗೆ ಸುಮಾರು ೧೨೦ ಕ್ರೆಡಿಟ್‌ಗಳು ಬೇಕು. ಆದುದರಿಂದ ಇದು ಅರ್ಧ ದಾರಿ.

೨. ವಿದ್ಯೆಯ ಸ್ವರೂಪ

ಗಣಕ ವಿಜ್ಞಾನವೂ ಗಣಕ ಮಾಹಿತಿ ವ್ಯವಸ್ಥೆಯೂ ಒಂದೇ ಎಂದು ಅನೇಕರು ತಿಳಿದಿರುವರು. ಹಾಗಲ್ಲ. ಮೊದಲನೆಯದು ಗಣಿತವನ್ನು ಆಧಾರ ಮಾಡಿಕೊಂಡು ಲೆಕ್ಕ ಮಾಡುವ ವಿಧಾನಗಳನ್ನೇ ಶೋಧಿಸುವದು. ಎರಡನೆಯದಾದರೋ ಒಂದು ಅಂಗಡಿ, ಆಸ್ಪತ್ರೆ, ಬ್ಯಾಂಕು ಇಲ್ಲವೆ ಶಾಲೆಯ ಕೆಲಸಕ್ಕೆ ಬೇಕಾದ ಮಾಹಿತಿಯನ್ನು ತಪ್ಪಿಲ್ಲದೆ ಇಟ್ಟುಕೊಂಡು, ಬೇಕಾದವರಿಗೆ ಬೇಕಾದಾಗ ಒದಗಿಸುವ ಬಗೆಯನ್ನು ಕಲಿಸುವದು. ಪ್ರೋಗ್ರಾಂ ಬರೆಯುವದು, ದತ್ತಾಂಶದ ಕೋಷ್ಟಕಗಳನ್ನು ರಚಿಸುವದು, ಗಣಕಗಳ ಜಾಲ, ಅದರ ಭದ್ರತೆ, ಇವುಗಳೊಡನೆ ಜಮಾಖರ್ಚಿನ ಲೆಕ್ಕವನ್ನೂ ಬರವಣಿಗೆಯನ್ನೂ ಕಲಿಯಬೇಕಾಗುವದು.

ಇದರ ತಿರುಳನ್ನು ನಮಗೆ ಪರಿಚಿತವಾದ ಒಂದು ಉದಾಹರಣೆಯಿಂದ ತಿಳಿಯೋಣ. ಒಂದು ಶಾಲೆಯ ಆಫೀಸಿನಲ್ಲಿ ಪ್ರವೇಶದ ರಿಜಿಸ್ಟರು, ಫೀ ಪುಸ್ತಕ, ಪುಸ್ತಕಾಲಯದ ಪುಸ್ತಕ ಎಂಬ ಮೂರು ಇವೆಯೆನ್ನೋಣ. ಮೂರರಲ್ಲಿಯೂ ಪ್ರತಿ ಹುಡುಗಿಯ ಹೆಸರು, ತಂದೆಯ ಹೆಸರು, ಮನೆಯ ವಿಳಾಸ ಬರೆದಿವೆ. ಹುಡುಗಿಯ ಮನೆಯವರು ಬೇರೆ ಬೀದಿಗೆ ಹೋದರು. ಗುಮಾಸ್ತರು ಫೀ ಪುಸ್ತಕವನ್ನು ಮಾತ್ರ ತಿದ್ದಿದರು. ಈಗ ಒಬ್ಬ ಹುಡುಗಿಗೆ ಎರಡು ವಿಳಾಸಗಳಾದವು. ಯಾವದು ನಿಜವೆಂದು ಪುಸ್ತಕ ಹೇಳಲಾರದು. ಒಂದೇ ತರಗತಿಯಲ್ಲಿ ಇಬ್ಬರು ಮೇರಿಯರಿದ್ದರೆ, ಹಿಂದಿರುಗಿಸದ ಪುಸ್ತಕ ಯಾರ ಹತ್ತಿರ ಇದೆಯೆಂಬದೂ ತಿಳಿಯದು.

ಇದಕ್ಕೆ ಪರಿಹಾರವೇನು? ಹೆಸರೂ ವಿಳಾಸವೂ ಪ್ರವೇಶದ ರಿಜಿಸ್ಟರಿನಲ್ಲಿ ಮಾತ್ರ ಇರಲಿ; ಉಳಿದ ಪುಸ್ತಕಗಳಲ್ಲಿ ಅವಳ ಪ್ರವೇಶ ಸಂಖ್ಯೆಯನ್ನಷ್ಟೇ ಬರೆಯಲಿ. ಆ ಸಂಖ್ಯೆ ಇಬ್ಬರಿಗೆ ಇರಲಾರದು. ಒಬ್ಬಳು ಅನೇಕ ಪುಸ್ತಕಗಳನ್ನು ಒಯ್ಯುವಳು, ಒಂದು ಪುಸ್ತಕ ಅನೇಕರ ಕೈಗೆ ಹೋಗುವದು; ಆದುದರಿಂದ ಪುಸ್ತಕಾಲಯಕ್ಕೆ ಹುಡುಗಿಯ ಸಂಖ್ಯೆ, ಪುಸ್ತಕದ ಸಂಖ್ಯೆ, ಒಯ್ದ ತಾರೀಖು ಎಂಬ ಮೂರೇ ಕಲಮುಗಳ ಬೇರೊಂದು ಕೋಷ್ಟಕವಿರಲಿ. ಒಂದು ಸಂಗತಿಯನ್ನು ಒಂದೇ ಸ್ಥಳದಲ್ಲಿ ಬರೆಯಬೇಕೆಂಬದು ಇಲ್ಲಿಯ ಸೂತ್ರ. ಇಂಗ್ಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದ ಐ.ಬಿ.ಎಂ. ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಇ. ಎಫ್. ಕಾಡ್ ಎಂಬ ಗಣಿತಜ್ಞರು ಹೀಗೆ ಕೋಷ್ಟಕಗಳಿಂದ ಮಾಹಿತಿಯನ್ನು ಅಳವಡಿಸುವ ಕ್ರಮವನ್ನು ೧೯೭೦ರಲ್ಲಿ ಪ್ರಕಟಿಸಿದರು. ಇಂದಿಗೂ ಬ್ಯಾಂಕುಗಳ ಲೆಕ್ಕವೂ ರೈಲಿನ ಟಿಕೆಟ್ಟೂ ಬಹುಮಟ್ಟಿಗೆ ಈ ಕ್ರಮವನ್ನೇ ಅವಲಂಬಿಸಿವೆ.

ಆದರೆ ಕೋಷ್ಟಕ ರಚಿಸುವ ಮೊದಲು ಕೆಲಸ ಮಾಡುವವರನ್ನು ಕೇಳಬೇಕು. ಅಕ್ಕತಂಗಿಯರು ಒಂದೇ ಶಾಲೆಯಲ್ಲಿದ್ದರೆ ಕಿರಿಯಳಿಗೆ ಅರ್ಧ ಫೀ ಎಂಬ ಪದ್ಧತಿಯು ಗುಮಾಸ್ತರ ನೆನಪಿನಲ್ಲಿ ಮಾತ್ರ ಇರಬಹುದು. ಕೇಳದೆ ಮಾಡಿದ ಯಂತ್ರವು ತಂಗಿಯಿಂದಲೂ ಪೂರ್ತಿ ಫೀ ಬೇಡುವದು. ಹೀಗೆ ತಾಳ್ಮೆಯಿಂದ ಕೇಳಿ, ಕೇಳಿದ್ದನ್ನು ಸ್ಪಷ್ಟವಾಗಿ ಬರೆಯುವದೂ ಈ ವಿದ್ಯೆಯ ದೊಡ್ಡ ಭಾಗವಾಗಿದೆ.

ಇದು ಗಂಡಸರ ವಿದ್ಯೆಯೆಂದು ಯಾರೂ ಹಿಂಜರಿಯಬೇಕಾಗಿಲ್ಲ. ೧೯೩೪ರಲ್ಲಿ ಗಣಿತದಲ್ಲಿ ಡಾಕ್ಟರ್ ಪದವಿ ಪಡೆದು, ವಾಸರ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಗ್ರೇಸ್ ಹಾಪರಮ್ಮನವರು, ಸಾಮಾನ್ಯ ಇಂಗ್ಲಿಷ್ ಮಾತುಗಳಿಂದಲೇ ಗಣಕಕ್ಕೆ ಆಜ್ಞೆ ಕೊಡಬಹುದೆಂದು ಮಾಡಿ ತೋರಿಸಿದರು. ಅವರ ಕೆಲಸದ ಆಧಾರದ ಮೇಲೆ ೧೯೫೯-೬೦ರಲ್ಲಿ ರೂಪುಗೊಂಡ ಕೋಬಾಲ್ ಭಾಷೆಯು ಬಹುಕಾಲ ವ್ಯಾಪಾರದ ಲೆಕ್ಕಗಳಿಗೆಲ್ಲಾ ಮುಖ್ಯ ಸಾಧನವಾಗಿತ್ತು.

೩. ಸೇರುವವರು ಗಮನಿಸತಕ್ಕದ್ದು

ಮೊದಲನೆಯದು, ಪದವಿಯ ಬಗೆ. ಅಸೋಸಿಯೇಟ್ ಪದವಿಗಳಲ್ಲಿ ಕೆಲವು ವಿಶ್ವವಿದ್ಯಾಲಯಕ್ಕೆ ಮುಂದುವರಿಯುವವರಿಗಾಗಿಯೂ, ಅನ್ವಯಿಕ ವಿಜ್ಞಾನದ ಅಸೋಸಿಯೇಟ್ ಎಂಬದು ಮುಖ್ಯವಾಗಿ ಕೂಡಲೇ ಕೆಲಸಕ್ಕೆ ಸೇರುವವರಿಗಾಗಿಯೂ ಏರ್ಪಟ್ಟಿವೆ. ಎರಡನೆಯದರ ಪಾಠಗಳೆಲ್ಲವನ್ನೂ ವಿಶ್ವವಿದ್ಯಾಲಯಗಳು ಒಪ್ಪಿಕೊಳ್ಳದೆ ಇರಬಹುದು. ಇದನ್ನು ತಿಳಿಯದೆ ಓದಿದವಳು ಕಲಿತ ಪಾಠವನ್ನೇ ಮತ್ತೆ ಕಲಿಯಬೇಕಾದೀತು. ಹಣವೂ ಆಯುಸ್ಸಿನ ಒಂದೆರಡು ವರ್ಷವೂ ನಷ್ಟವಾದೀತು. ಆದಕಾರಣ ಮುಂದೆ ಸೇರಬೇಕೆಂದಿರುವ ವಿಶ್ವವಿದ್ಯಾಲಯವನ್ನು ಮೊದಲು ಗೊತ್ತುಮಾಡಿ, ಅದು ಯಾವ ಯಾವ ಪಾಠಗಳನ್ನು ಅಂಗೀಕರಿಸುವದೆಂದು ಕಾಲೇಜಿನ ಸಲಹೆಗಾರರಿಂದ ಬರವಣಿಗೆಯಲ್ಲಿ ಪಡೆಯತಕ್ಕದ್ದು.

ಎರಡನೆಯದು, ಲೆಕ್ಕದ ಕ್ರಮ. ಕನ್ನಡಿಗರ ಕುಟುಂಬಗಳು ಅನೇಕ ನೆಲೆಸಿರುವ ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ಸೀಮೆಯಲ್ಲಿ, ೧೯೬೭ರಲ್ಲಿ ಆರಂಭವಾದ ಡಿ ಆನ್ಜಾ ಕಾಲೇಜಿದೆ. ಅಲ್ಲಿ ವರ್ಷವನ್ನು ಕ್ವಾರ್ಟರುಗಳಾಗಿ ವಿಭಾಗಿಸಿರುವದರಿಂದ ಅಸೋಸಿಯೇಟ್ ಪದವಿಗೆ ೯೦ ಯೂನಿಟ್‌ಗಳು ಬೇಕು. ಅದು ಬೇರೆ ಕಡೆಯ ೬೦ಕ್ಕೆ ಸಮವೇ ಹೊರತು ಹೆಚ್ಚಲ್ಲ.

ಮೂರನೆಯದು, ವೀಸಾ. ವಿದ್ಯಾರ್ಥಿ ವೀಸಾದಿಂದ ಹೋಗುವವಳಿಗೆ ಫೀಯು ಸ್ಥಳಿಕರದಕ್ಕಿಂತ ಬಹಳ ಹೆಚ್ಚು. ವಿಜ್ಞಾನ ತಾಂತ್ರಿಕ ವಿಷಯಗಳನ್ನು ಓದಿದವರು ವಿದ್ಯೆಯ ತರುವಾಯ ೨೪ ತಿಂಗಳು ಹೆಚ್ಚಾಗಿ ಅಲ್ಲಿದ್ದು ಕೆಲಸ ಮಾಡಬಹುದೆಂಬ ೨೦೧೬ರ ನಿಯಮವು ನಾಲ್ಕು ವರ್ಷದ ಪದವಿಯನ್ನಾಗಲಿ ಅದಕ್ಕೂ ಮೇಲಿನದನ್ನಾಗಲಿ ಕೇಳುವದು; ಅಸೋಸಿಯೇಟ್ ಪದವಿ ಅದಕ್ಕೆ ಸಾಲದು. ಇದನ್ನು ತಾಯಿತಂದೆಗಳು ಸಾಲ ಮಾಡುವ ಮೊದಲೇ ತಿಳಿದಿರಬೇಕು. ಗಂಡನ ಉದ್ಯೋಗದ ವೀಸಾವನ್ನು ಅವಲಂಬಿಸಿ ಹೋದ ಹೆಂಡತಿಯು ಓದಲು ಅಡ್ಡಿಯಿಲ್ಲ. ಸಂಬಳದ ಕೆಲಸಕ್ಕೆ ಮಾತ್ರ ಅನೇಕರಿಗೆ ಬೇರೆ ಅಪ್ಪಣೆ ಬೇಕು. ಅದನ್ನು ೨೦೧೫ರ ನಿಯಮವು ಅಂಥವರಲ್ಲಿ ಕೆಲವರಿಗಷ್ಟೇ ಕೊಟ್ಟಿತು. ಅಪ್ಪಣೆ ಬರುವವರೆಗೆ ಮನೆಯಲ್ಲಿ ಕುಳಿತು ಕಳೆಯುವ ವರ್ಷಗಳನ್ನು ಓದಿನಲ್ಲಿ ಕಳೆಯುವದು ಲೇಸು. ಈಗಾಗಲೇ ಪದವಿಯುಳ್ಳವಳಿಗೆ ಇನ್ನೊಂದು ಪೂರ್ತಿ ಪದವಿಯೇ ಬೇಕೆಂದಿಲ್ಲ. ಕೆಲವೇ ಪಾಠಗಳ ಸರ್ಟಿಫಿಕೇಟು ಸಾಕಾಗಬಹುದು.

ಒಟ್ಟಿನಲ್ಲಿ, ತಡವಾಗಿ ಬಂದವಳಿಗೂ ಬಾಗಿಲು ತೆರೆಯುವದು ಈ ಕಾಲೇಜಿನ ದೊಡ್ಡ ಗುಣ. ಆದರೆ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ದಾರಿ ಗೊತ್ತಾದಂತಾಗಲಿಲ್ಲ. ಓದು ನಡುವೆ ನಿಂತುಹೋದ ನಮ್ಮ ಹಳೆಯ ವಿದ್ಯಾರ್ಥಿನಿಯರು ವಯಸ್ಸಾಯಿತೆಂದು ಅಂಜದೆ ಒಂದೇ ಒಂದು ಪಾಠಕ್ಕೆ ಹೆಸರು ಕೊಟ್ಟು ನೋಡಲಿ. ತಾಯಿತಂದೆಗಳು ಹೆಸರಿನ ದೊಡ್ಡಸ್ತಿಕೆಯನ್ನು ನೋಡದೆ, ಮಗಳು ಕಲಿಯುವ ಪಾಠಗಳ ಪಟ್ಟಿಯನ್ನು ಅವಳೊಡನೆ ಕುಳಿತು ಓದಲಿ ಎಂದು ಹಾರೈಸುವೆವು.